ಟ್ಯಾಂಕೇ ಇಲ್ಲದ ಯುದ್ಧ

"ಅಪ್ಪಾ, ಇದರಲ್ಲಿ ಟ್ಯಾಂಕೇ ಇಲ್ವಲ್ಲ!"

ಚೂಟಿ ಅಪ್ಪ ಬರೆದ ಹಾಳೆಗಳನ್ನು ಹಿಂದೆ ಮುಂದೆ ತಿರುವಿದಳು. ಆಲೂಗಡ್ಡೆ, ಈರುಳ್ಳಿ, ಸೀದ ಅನ್ನ. ಮತ್ತೆ ಆಲೂಗಡ್ಡೆ.

ಯುದ್ಧಕ್ಕೆ ಹೋಗಿ ಬಂದ ಅಪ್ಪ ಅಮ್ಮಂದಿರು ಅಲ್ಲಿನ ನೆನಪುಗಳನ್ನು ಬರೆದು ನಾಳೆ ಶಾಲೆಯಲ್ಲಿ ಓದಬೇಕಿತ್ತು. ಅವಳೋ, ಅಪ್ಪ ಮೂರು ಟ್ಯಾಂಕ್ ಉಡಾಯಿಸಿದ್ದಾನೆ ಎಂದು ಇಡೀ ಕ್ಲಾಸಿಗೆ ಡಂಗುರ ಸಾರಿಬಿಟ್ಟಿದ್ದಳು.

"ನಾನು ಸೈನ್ಯದಲ್ಲಿ ಅಡುಗೆಯವನು ಕಣಮ್ಮಾ," ಅಪ್ಪ ಒಗೆದ ಬಟ್ಟೆ ಮಡಚುತ್ತಾ ಹೇಳಿದ. "ನಾನು ಉಡಾಯಿಸಿದ್ದು ಒಂದು ಕುಕ್ಕರ್ ಅಷ್ಟೆ."

"ಒಂದೇ ಒಂದು ಟ್ಯಾಂಕ್ ಹಾಕಪ್ಪಾ, ಪ್ಲೀಸ್! ಇಲ್ದಿದ್ರೆ ನನ್ನ ಮಾನ ಹೋಗತ್ತೆ."

"ಸರಿ, ಹಾಕೋಣ. ಒಳಗೆ ಎಷ್ಟು ಜನ ಇದ್ರು?"

"ಅದೆಲ್ಲಾ ಯಾಕೆ?"

"ಊಟ ಮಾಡಿದ್ರಾ, ಇಲ್ವಾ?"

ಚೂಟಿಗೆ ರೇಗಿತು. "ಯಾರೂ ಇರ್ಲಿಲ್ಲ. ಖಾಲಿ ಟ್ಯಾಂಕ್!"

"ಡ್ರೈವರ್ ಎಲ್ಲಿಗೆ ಹೋದ?"

"ಅವನು... ಊಟಕ್ಕೆ ಹೋಗಿದ್ದ."

"ಹಾಗಾದ್ರೆ ನನ್ನ ಹತ್ರಾನೇ ಬಂದಿರ್ತಾನೆ ಬಿಡು. ತಟ್ಟೆ ಹಿಡ್ಕೊಂಡು ನಿಂತವನ ಗಾಡೀನ ಹೇಗೆ ಉಡಾಯಿಸ್ಲಿ?"

"ಹೋಗಪ್ಪಾ! ನಿನ್ನ ಜೊತೆ ಯುದ್ಧ ಮಾಡೋಕಾಗಲ್ಲ!"

ಮರುದಿನ ಶಾಲೆಯ ಹಾಲ್ ತುಂಬಿತ್ತು. ಅಪ್ಪ ಕನ್ನಡಕ ಸರಿಮಾಡಿಕೊಂಡು ಓದತೊಡಗಿದ. ಚೂಟಿಯ ಪಕ್ಕದಲ್ಲಿ ಕೂತಿದ್ದ, ಕ್ಲಾಸಿನವರೆಲ್ಲ ಸೊಳ್ಳೆ ಎಂದು ಕರೆಯುವ ಹುಡುಗ, "ಟ್ಯಾಂಕ್ ಯಾವಾಗ ಬರತ್ತೇ?" ಎಂದು ಮೊಣಕೈಯಿಂದ ತಿವಿದ.

ಚೂಟಿಯ ಕಿವಿ ಬಿಸಿಯಾಯಿತು. "ಬರಲ್ಲ. ನಾನೇ ಬುರುಡೆ ಬಿಟ್ಟಿದ್ದು."

"ಥೂ, ಸುಳ್ಳುಬುರುಕಿ!"

ಆದರೆ ಅಪ್ಪನ ಸೀದ ಅನ್ನ ಜಗಿದ ಕ್ಯಾಪ್ಟನ್ ಸಾಹೇಬರು ಒಮ್ಮೆ, "ಇದನ್ನ ಶತ್ರುಗಳಿಗೆ ಬಡಿಸಯ್ಯಾ, ಇವತ್ತೇ ಗೆಲ್ತೀವಿ" ಎಂದರಂತೆ. ಅಪ್ಪ ಅದನ್ನು ಓದಿದಾಗ ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ಸೊಳ್ಳೆಯೇ.

ಅಪ್ಪ ಹಾಳೆ ತಿರುವಿದ.

"ಒಂದು ದಿನ ಮಾತ್ರ ಅನ್ನ ಮಲ್ಲಿಗೆ ಹೂವಿನ ಹಾಗೆ ಬಂದಿತ್ತು. ಯಾರೂ ಬೈಯಲಿಲ್ಲ. ದೊಡ್ಡ ಪಾತ್ರೆಯಲ್ಲಿ ಅರ್ಧ ಹಾಗೇ ಉಳಿಯಿತು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಪ್ಪ ನಗಲಿಲ್ಲ. ಲೋಟ ಎತ್ತಿ ನೀರು ಕುಡಿದ. ಮತ್ತೆ ಕುಡಿದ.

"ಅಷ್ಟು ಚೆನ್ನಾಗಿದ್ರೆ ಯಾಕೆ ಉಳೀತು?" ಸೊಳ್ಳೆ ಪಿಸುಗುಟ್ಟಿದ.

ಚೂಟಿ ಅಪ್ಪನ ಮುಖವನ್ನೇ ನೋಡುತ್ತಿದ್ದಳು.

"ಊಟಕ್ಕೆ ಬರಬೇಕಾದೋರು ಬರ್ಲಿಲ್ಲ ಕಣೋ," ಎಂದಳು ಮೆಲ್ಲಗೆ. "ಸುಮ್ನೆ ಕೇಳು."