ಪೆಟ್ಟಿಗೆ ಹಿಡಿದವನ ಮುಂದೆ

ಭಾಷೆಗಳನ್ನು ತೂಗುವ ಯಂತ್ರ ನುಡಿತಕ್ಕಡಿ ಬೆಳಿಗ್ಗೆ ಒಂಬತ್ತಕ್ಕೆ ಕೊನೆಯ ಧ್ವನಿಯನ್ನೂ ಅರಗಿಸಿಕೊಂಡು ಎರಡು ಅಂಕಿ ತೋರಿಸಿತು. ಸ್ಲೊವಾಕ್ ತೊಂಬತ್ತನಾಲ್ಕು, ಬೋಡೋ ಮೂವತ್ತೇಳು.

ಕಾರ್ಖಾನೆಯ ನಿರ್ದೇಶಕ ಲುಬೋಮಿರ್ ಹುಡಾಕ್ ಅಂಗೈ ಉಜ್ಜಿಕೊಂಡ. ಯಂತ್ರ ಕಟ್ಟಿದ ಡಾ. ಶಾಂಭವಿ ಅಸೂಟಿಗೆ ಅವನ ಖುಷಿ ಹಿಡಿಸಲಿಲ್ಲ. ಅವನ ಮುಖವೇ ಅವಳಿಗೆ ಹಿಡಿಸಿರಲಿಲ್ಲ. ಆದರೂ ಫಲಿತಾಂಶಕ್ಕೆ ಸಹಿ ಹಾಕಿದಳು. ಗದಗಿನಲ್ಲಿ ಹುಟ್ಟಿ ಅರ್ಧ ಪ್ರಪಂಚ ಸುತ್ತಿದ ಆಕೆ ಐವತ್ತೆಂಟು ವರ್ಷದಲ್ಲಿ ನಂಬಿದ್ದು ಒಂದನ್ನೇ: ಮನುಷ್ಯರು ಸುಳ್ಳು ಹೇಳುತ್ತಾರೆ, ಅಳತೆ ಹೇಳುವುದಿಲ್ಲ.

ಯಂತ್ರದ ಕೆಲಸ ಸರಳ. ಒಂದು ಘಟನೆಯ ಚಿತ್ರವನ್ನು ಎರಡೂ ಭಾಷೆಯವರಿಗೆ ತೋರಿಸಬೇಕು. ಕಂಡದ್ದನ್ನು ಅವರು, ಧ್ವನಿ ಹಿಡಿಯುವ ಅದರ ಪೆಟ್ಟಿಗೆಯ ಮುಂದೆ ಹೇಳಬೇಕು. ಯಾರು ಮಾಡಿದರು, ಯಾವುದು ಮೊದಲು, ಬೇಕೆಂದು ಮಾಡಿದ್ದೋ ಕೈತಪ್ಪಿದ್ದೋ, ಇಂಥ ಎಷ್ಟು ಸೂಕ್ಷ್ಮಗಳು ಮಾತಿನಲ್ಲಿ ಉಳಿದವೆಂದು ಅದು ಎಣಿಸುತ್ತದೆ. ಭಾಷೆಯ ಮೂಲ, ಲಿಪಿ, ಪುಸ್ತಕಗಳ ಸಂಖ್ಯೆ ಅದಕ್ಕೆ ಬೇಡ. 2061ರ ಹೊತ್ತಿಗೆ ಹಲವು ದೇಶಗಳ ಕಾಯಿದೆಯೇ ಈ ಅಂಕಿಗೆ ತಲೆಬಾಗಿತ್ತು. ಐವತ್ತಕ್ಕಿಂತ ಕಡಿಮೆ ಬಂದ ಭಾಷೆಯಲ್ಲಿ ಸಾಕ್ಷಿ ಹೇಳುವಂತಿರಲಿಲ್ಲ.

ಅಂದು ಹನ್ನೊಂದಕ್ಕೆ ಹೈನಾರಿಯ ವಿಚಾರಣೆಯಿತ್ತು. ಸ್ಲೊವಾಕ್ ನಾಡಿನ ವಾಹ್ ನದಿಯ ದಂಡೆಯ ಈ ಕಾರ್ಖಾನೆಗೆ ಈಶಾನ್ಯ ಭಾರತದ ಬೋಡೋ ಸೀಮೆಯ ಒಂದೇ ಹಳ್ಳಿಯಿಂದ ಬಂದ ಮುನ್ನೂರು ಜನರಲ್ಲಿ ಅವಳೊಬ್ಬಳು. ತಗಡು ಒತ್ತುವ ಯಂತ್ರ ಅವಳ ಬಲಗೈಯ ಎರಡು ಬೆರಳು ತಿಂದಿತ್ತು. ಅಜಾಗರೂಕತೆಯಿಂದ ತಾನೇ ಕೈಯಿಟ್ಟಳೆಂದು ಕಂಪನಿ ಹೇಳುತ್ತಿತ್ತು. ಹಾಗೆಂದು ತೀರ್ಮಾನವಾದರೆ ಅವಳನ್ನು ಊರಿಗೆ ಅಟ್ಟುತ್ತಿದ್ದರು. ಅವಳಿಗೆ ಸ್ಲೊವಾಕಿನಲ್ಲಿ ಬರುತ್ತಿದ್ದುದು ನಮಸ್ಕಾರ, ಬ್ರೆಡ್ಡು, ಹೌದು, ಇಷ್ಟೇ.

ಶಾಂಭವಿ ಹೊರಗೆ ಬರುವಷ್ಟರಲ್ಲಿ ದುಭಾಷಿ ಮೈನಾವ್ ಬಸುಮತಾರಿ ದಾರಿಗೆ ಅಡ್ಡ ನಿಂತಿದ್ದಳು. ಹರೆಯದಲ್ಲಿ ಹತ್ತು ವರ್ಷ ಹುಬ್ಬಳ್ಳಿಯ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದುಡಿದವಳು; ಅವಳ ಕನ್ನಡಕ್ಕೆ ಸೂಜಿಯ ಮೊನೆಯಿತ್ತು.

"ನಮ್ಮ ಭಾಷಾ ಮೂಗೀದೇನ್ರಿ ಮೇಡಂ? ಮೂವತ್ತೇಳು ಅಂತ!"

"ನಾ ಹಾಕಿದ್ದಲ್ಲ ಅದು. ಯಂತ್ರ ಹೇಳಿದ್ದು."

"ನಿಮ್ಮ ಯಂತ್ರದ ಬಾಯಾಗ ಮಣ್ಣ ಹಾಕ. ಸ್ಲೊವಾಕ್ ಮಂದೀನ ಎಲ್ಲಿ ಮಾತಾಡಿಸಿದ್ರಿ?"

"ಊಟದ ಮನ್ಯಾಗ. ತಮ್ಮ ತಮ್ಮೊಳಗ ಕುಂತು ಮಾತಾಡಿದ್ರು."

"ನಮ್ಮ ಹೆಣ್ಮಕ್ಕಳನ್ನ? ಪೆಟ್ಟಿಗಿ ಯಾರ ಕೈಯಾಗಿತ್ತು?"

"ಬೀರ್‌ಖಾಂಗ್ ಅಂತ, ನಿಮ್ಮೂರಿನವನೇ. ಮೇಲ್ವಿಚಾರಕ. ನಿಮ್ಮವರೇ ಇರ್ಲಿ ಅಂತ ನಾನೇ ಆರಿಸಿದೆ," ಎಂದಳು ಶಾಂಭವಿ. ತನ್ನ ಔದಾರ್ಯದ ಬಗ್ಗೆ ಅವಳಿಗೆ ತುಸು ಹೆಮ್ಮೆಯೂ ಇತ್ತು.

ಮೈನಾವ್ ನಕ್ಕಳು. ಉಗುಳಿದ್ದರೂ ಶಾಂಭವಿಗೆ ಅಷ್ಟು ಉರಿಯುತ್ತಿರಲಿಲ್ಲ.

"ಅಂವ ಹೈನಾರಿ ಗಂಡನ ಅಣ್ಣ. ವರಸಿ ಹಿಡದ್ರ ಇಲ್ಲಿ ಮುಕ್ಕಾಲು ಹೆಣ್ಮಕ್ಕಳಿಗೆ ಭಾವನ ಆಗಬೇಕು. ನಮ್ಮೂರಾಗ ಭಾವನ ಮುಂದ ತಮ್ಮನ ಹೇಂತಿ ಬಾಯಿ ಬಿಡೂದಿಲ್ಲ. ಹೂಂ, ಊಹೂಂ, ಮುಗೀತು. ನೀವು ನಮ್ಮ ಭಾಷಾ ತೂಗಿಲ್ರಿ, ನಮ್ಮ ಮರ್ಯಾದಿ ತೂಗೀರಿ!"

ಶಾಂಭವಿಯ ಅವ್ವ ಮೂವತ್ತು ವರ್ಷ ಭಾವನ ಮುಂದೆ ಒಂದು ಮಾತಾಡಿರಲಿಲ್ಲ. ಚಹಾ ಆಗಿದೆ ಎನ್ನುವುದಕ್ಕೂ ಬಾಗಿಲ ಹಿಂದೆ ಬಳೆ ಸದ್ದು ಮಾಡುತ್ತಿದ್ದಳು. ಅದೇ ಅವ್ವ ಹಿತ್ತಲಲ್ಲಿ ಬಾಯಿ ತೆರೆದರೆ ಓಣಿಗೆ ಓಣಿಯೇ ಕೆಲಸ ಬಿಟ್ಟು ಕೇಳುತ್ತಿತ್ತು. ಇದನ್ನು ಕಂಡು ಬೆಳೆದವಳಿಗೆ ಇದೇ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಮರುಪರೀಕ್ಷೆಗೆ ಹುಡಾಕ್ ಒಪ್ಪಲಿಲ್ಲ. "ಸಹಿ ಆಗಿದೆ, ಡಾಕ್ಟರ್. ನಿಮ್ಮ ಅಂಕಿಯನ್ನು ನೀವೇ ನಂಬದಿದ್ದರೆ ನಿಮ್ಮನ್ನು ಯಾರು ನಂಬುತ್ತಾರೆ?"

"ಯಾರೂ ನಂಬೂದು ಬ್ಯಾಡ, ಅತ್ತಾಗ ಸರೀರಿ!" ಎಂದು ಕನ್ನಡದಲ್ಲೇ ಗದರಿ ಅವಳು ಪೆಟ್ಟಿಗೆಯನ್ನು ಬಗಲಿಗೇರಿಸಿಕೊಂಡು ನಡೆದಳು.

ಹೆಂಗಸರ ಉಡುಪಿನ ಕೋಣೆಯಲ್ಲಿ ಮೈನಾವ್ ಬಾಗಿಲು ಹಾಕಿಸಿದಳು. ಹಳೆಯ ಚಿತ್ರವನ್ನೇ ಮತ್ತೆ ತೋರಿಸಿದರು. ಒಬ್ಬಳು ಏನೋ ಹೇಳಿದಳು, ಇನ್ನೊಬ್ಬಳು ತಿದ್ದಿದಳು, ಮೂರನೆಯವಳು ಇಬ್ಬರನ್ನೂ ಬೈದಳು. ಪೆಟ್ಟಿಗೆಯ ಮೇಲೆ ಅಂಕಿ ಏರಿತು. ಐವತ್ತು ದಾಟಿತು, ಎಪ್ಪತ್ತು ದಾಟಿತು, ತೊಂಬತ್ತೆರಡಕ್ಕೆ ಬಂದು ನಿಂತಿತು. ಕೊನೆಗೆ ಹೈನಾರಿ ಪಟ್ಟಿ ಸುತ್ತಿದ ಕೈ ಎತ್ತಿ, ಯಾರೂ ಕೇಳದೆಯೇ, ಅಳುತ್ತ ಮಾತಾಡತೊಡಗಿದಳು.

"ಏನಂತಾಳ?"

"ಒತ್ತೂ ಯಂತ್ರದಾಗ ಕೈ ಸಿಗದಂಗ ಇರೂ ಕಾವಲು ಜಾಳಿಗಿ ಮೂರು ದಿನ ಮೊದಲೇ ಬಿಚ್ಚಿಸಿದ್ರಂತ, ಕೆಲಸ ಲಗೂ ಆಗಲಿ ಅಂತ. ಬಿಚ್ಚಿಸಿದಂವ ಬೀರ್‌ಖಾಂಗ್. ಅಂವಗ ಹೇಳಿದಂವ ನಿಮ್ಮ ಹುಡಾಕ್." ಮೈನಾವ್ ಹೈನಾರಿಯ ಭುಜದ ಮೇಲೆ ಕೈಯಿಟ್ಟಳು. "ಭಾವನ ಮ್ಯಾಲಿನ ಮಾತು ನೋಡ್ರಿ, ನನ್ನ ಮುಂದನೂ ಅಂದಿರಲಿಲ್ಲ."

ಹನ್ನೊಂದಕ್ಕೆ ಶಾಂಭವಿ ವಿಚಾರಣೆಯ ಕೋಣೆಗೆ ನುಗ್ಗಿ, ಮೊದಲ ಅಂಕಿ ತಪ್ಪು, ತಪ್ಪು ತನ್ನದೇ ಎಂದು ಹೇಳಿ ಸಹಿ ಹಿಂತೆಗೆದುಕೊಂಡಳು. ಬೀರ್‌ಖಾಂಗನನ್ನು ಹೊರಗೆ ಕಳಿಸಿದರು. ಹೈನಾರಿ ಬೋಡೋದಲ್ಲಿ ಒಂದು ಗಂಟೆ ಸಾಕ್ಷಿ ನುಡಿದಳು. ಮೈನಾವ್ ಅದನ್ನು ಸ್ಲೊವಾಕಿಗೆ ತಂದಳು. ಹುಡಾಕ್ ಮಾತ್ರ ಅಂದು ಮೊದಲ ಬಾರಿಗೆ ಹೂಂ, ಊಹೂಂ ಎಂದಷ್ಟೇ ಮಾತಾಡಿದ.

ಮೈನಾವ್ ಕೃತಜ್ಞತೆ ಹೇಳಲಿಲ್ಲ. ಮೆಟ್ಟಿಲ ಮೇಲೆ ತಡೆದು ಇನ್ನೊಂದು ಕೇಳಿದಳು: "ನಿಮ್ಮ ಕನ್ನಡಕ್ಕ ಎಷ್ಟ್ ಬಂದಿತ್ರಿ?"

"ಐವತ್ತೊಂದು."

"ಯಾರ ಮುಂದ ಮಾತಾಡಿಸಿದ್ರಿ?"

ಶಾಂಭವಿ ಮೆಟ್ಟಿಲು ಇಳಿದುಹೋದಳು. ಕನ್ನಡಕ್ಕಾಗಿ ಹೊಸದಾಗಿ ಯಾರನ್ನೂ ಮಾತಾಡಿಸಿರಲಿಲ್ಲ. ಸಾವಿರಾರು ಗಂಟೆಗಳ ಹಳೆಯ ಧ್ವನಿ ಪುಕ್ಕಟೆ ಸಿಕ್ಕಿತ್ತು: ಜನ ಕಚೇರಿಗಳಲ್ಲಿ ಅಹವಾಲು ಹೇಳಿಕೊಂಡದ್ದು. ಚಿತ್ರದ ಬದಲಿಗೆ ಕಡತದಲ್ಲಿದ್ದ ಘಟನೆಯನ್ನಿಟ್ಟು, ಯಂತ್ರಕ್ಕೆ ಉಣಿಸಿದ್ದು ಅದನ್ನೇ.

ಆ ಸಂಜೆ ಅವಳು ಅವುಗಳಲ್ಲಿ ಒಂದನ್ನು ತೆಗೆದು ಕಿವಿಗಿಟ್ಟುಕೊಂಡಳು. 2026 ಎಂದಿತ್ತು. ಅಧಿಕಾರಿಯ ಗಡಸು ದನಿ, "ಏನಮ್ಮಾ, ಬೇಗ ಹೇಳು." ಹೆಂಗಸಿನ ದನಿ, "ಏನಿಲ್ರಿ ಸಾಹೇಬ್ರ, ತಾವು ಹೇಳಿದಂಗ ಆಗ್ಲಿರಿ." ಧ್ವನಿಮುದ್ರಣ ನಿಲ್ಲಿಸಲು ಯಾರೋ ಮರೆತಿದ್ದರು. ಹೆಜ್ಜೆ ಸಪ್ಪಳವಾಯಿತು, ಬಾಗಿಲು ಕಿರುಗುಟ್ಟಿತು. ಬಾಗಿಲಾಚೆ ಅದೇ ಹೆಂಗಸು ಜೊತೆಗಾತಿಗೆ, ಮೊದಲಿನಿಂದ, ಒಂದೂ ಬಿಡದಂತೆ ಹೇಳತೊಡಗಿದಳು.

ಅಷ್ಟರಲ್ಲಿ ಯಾರೋ ಗುಂಡಿ ಒತ್ತಿ ನಿಲ್ಲಿಸಿದ್ದರು.