ಅಜ್ಜಿಯ ಹೆಸರಿನ ತಾಟು

"ತಾಟ ಎಲ್ಲೈತಿ ದಾನೂ?" ಅವ್ವ ಕೇಳಿದ್ದು ಇದು ಮೂರನೇ ಸಲ.

ದಾನವ್ವ ಪಾಟಿ ಒರೆಸುತ್ತ ಕೂತಳು. ಪಾಟಿಯ ಮೇಲೆ ಏನೂ ಬರೆದಿರಲಿಲ್ಲ. ಆದರೂ ಒರೆಸಿದಳು.

ಅದು ಅಂತಿಂಥ ತಾಟಲ್ಲ. ಹಿತ್ತಾಳೆಯದು, ಅಂಚಿನಲ್ಲಿ 'ಸತ್ಯವ್ವ' ಎಂದು ಅಜ್ಜಿಯ ಹೆಸರು ಕೊರೆದದ್ದು. ಅಜ್ಜಿ ಮಳೆಗಾಲದಲ್ಲಿ ತೀರಿಕೊಂಡಿದ್ದಳು. ಆಮೇಲೆ, ಅಪ್ಪ ಕಲಿಸುವ ಸಾಲೆಗೆ ಹತ್ತಿರವಾಗುತ್ತದೆಂದು ಹಳೇ ಹುಬ್ಬಳ್ಳಿಯ ಮನೆ ಬಿಟ್ಟು ದೇಶಪಾಂಡೆ ನಗರಕ್ಕೆ ಬಂದರು. ಇಲ್ಲಿ ಬಾಗಿಲುಗಳೆಲ್ಲ ಮುಚ್ಚಿಯೇ ಇರುತ್ತಿದ್ದವು. ದಾನವ್ವನಿಗೆ ಈ ಸಲ ಕ್ರಿಸ್‌ಮಸ್ಸೇ ಬೇಡವಾಗಿತ್ತು.

ಹಳೇ ಓಣಿಯಲ್ಲಿ ಹಾಗಲ್ಲ. ಕ್ರಿಸ್‌ಮಸ್ಸಿಗೆ ಅಜ್ಜಿ ಕರಚಿಕಾಯಿ ಕರಿಯಲು ಕೂತರೆ ಸಾಕು, ಎದುರುಮನೆಯ ಮಾಬೂಬಿ ಖಾಲಾ ಕಟ್ಟೆಗೆ ಹಾಜರು. ಹೆಸರಿನ ತಾಟು ತುಂಬಿ ಮೊದಲು ಅವಳಿಗೇ. ಅದೇ ತಾಟಿನಲ್ಲಿ ರಂಜಾನಿಗೆ ಸಕ್ಕರೆ ಶಾವಿಗೆ ಬರುತ್ತಿತ್ತು.

ಈ ಸಲ ಅವ್ವ ಕರಚಿಕಾಯಿ ಮಾಡಿ, ಅದೇ ತಾಟಿನಲ್ಲಿ ಹಾಕಿ, ಪಕ್ಕದ ಮನೆಗೆ ಕೊಟ್ಟು ತಾಟು ವಾಪಸ್ ತಾ ಎಂದಿದ್ದಳು. ಬಾಗಿಲು ತೆರೆದವಳು ಬಾಳವ್ವ, ಹಣೆ ತುಂಬ ವಿಭೂತಿ ಹಚ್ಚಿದ ಮುದುಕಿ. ಕಿರಿಸ್ತಾನರ ಮನೆಯವಳೇನು ಎಂದು ಕೇಳಿ, ನಗದೆ, ತಾಟು ಹಿಡಿದು ಒಳಗೆ ಹೋದಳು. ದಾನವ್ವ ಹೆದರಿ ಓಡಿ ಬಂದುಬಿಟ್ಟಳು.

ಮೂರು ದಿನದಿಂದ ಅವಳಿಗೆ ಅದೇ ಚಿಂತೆ. ಆ ಮುದುಕಿ ಕರಚಿಕಾಯಿಯನ್ನು ದನಕ್ಕೆ ಹಾಕಿರಬೇಕು. ತಾಟು ಇನ್ನೆಲ್ಲಿ ಬಂತು? ಅಜ್ಜಿಯದು ಅಂತ ಮನೆಯಲ್ಲಿ ಉಳಿದದ್ದು ಅದೊಂದೇ.

"ಲಗೂ ಹೋಗಿ ಇಸ್ಕೊಂಡ ಬಾ," ಅಂದಳು ಅವ್ವ.

ದಾನವ್ವ ಕಾಲೆಳೆಯುತ್ತ ಹೋದಳು. ಇವತ್ತು ಬಾಗಿಲು ತೆರೆದಿತ್ತು. ಬಾಳವ್ವ ಎಲೆ-ಅಡಿಕೆ ಕುಟ್ಟುವ ಪುಟ್ಟ ಒರಳಿನಲ್ಲಿ ಏನನ್ನೋ ಕುಟ್ಟುತ್ತಿದ್ದಳು. ಬಗ್ಗಿ ನೋಡಿದರೆ ಕರಚಿಕಾಯಿ!

"ಬಾಯಾಗ ಒಂದೂ ಹಲ್ಲಿಲ್ಲವಾ. ದಿನಾ ಒಂದೊಂದ ಕುಟ್ಟಿ ತಿನ್ನಾಕತ್ತೇನಿ," ಅಂದಳು ಬಾಳವ್ವ. ಯಾಲಕ್ಕಿ ಛಲೋ ಬಿದ್ದಿದೆ ಎಂದೂ ಹೇಳಿದಳು.

ದಾನವ್ವನಿಗೆ ನಾಚಿಕೆಯಾಯಿತು. ಸಣ್ಣ ದನಿಯಲ್ಲಿ ತಾಟು ಕೇಳಿದಳು. ತಾಟು ಗೋಡೆಯ ಗೂಡಿನಲ್ಲಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದರಿಂದ ಫಳಫಳ ಹೊಳೆಯುತ್ತಿತ್ತು. ಬಾಳವ್ವ ಅಂಚಿನ ಅಕ್ಷರದ ಮೇಲೆ ಬೆರಳಾಡಿಸಿ, ಇಲ್ಲಿ ಏನು ಬರೆದಿದೆ ಎಂದು ಕೇಳಿದಳು.

"ನಮ್ಮ ಅಜ್ಜಿ ಹೆಸರು ಐತ್ರಿ ಆಯಿ. ಆಕಿ ಈಗ ಇಲ್ರಿ."

 ಬಾಳವ್ವ ತಾಟನ್ನು ಸೆರಗಿನಿಂದ ಒರೆಸಿ, ಮತ್ತೆ ಗೂಡಿನಲ್ಲೇ ಇಟ್ಟಳು.

"ಹಂಗಾರ ಖಾಲಿ ತಾಟ ಹೆಂಗ ಕೊಡ್ಲಿ? ಸಂಕ್ರಮಣ ಬರಲಿ ತಡಿ. ಎಳ್ಳು-ಬೆಲ್ಲ ಹಾಕಿ ನಾನ ತರ್ತೇನಿ."

ದಾನವ್ವನಿಗೆ ಆಗ ಹೊಳೆಯಿತು. ಮಾಬೂಬಿ ಖಾಲಾನ ಮನೆಯಲ್ಲೂ ತಾಟು ರಂಜಾನ್ ತನಕ ಇರುತ್ತಿತ್ತಲ್ಲ! ಅಜ್ಜಿ ಒಂದು ಸಲವೂ ಅದನ್ನು ಕೇಳಿ ಕಳಿಸಿದವಳಲ್ಲ.

ಬರಿಗೈಯಲ್ಲಿ ಬಂದವಳನ್ನು ನೋಡಿ ಅವ್ವನ ಮುಖ ಸಣ್ಣದಾಯಿತು.

"ಇರಲಿ ಬಿಡವ್ವಾ, ಸಂಕ್ರಮಣಕ್ಕ ಬರತೈತಿ," ಅಂದಳು ದಾನವ್ವ.

ಗೋಡೆಯ ಕ್ಯಾಲೆಂಡರಿನಲ್ಲಿ ಈ ವರ್ಷದ ಮೂರೇ ದಿನ ಉಳಿದಿದ್ದವು. ಅಲ್ಲಿಂದ ಸಂಕ್ರಮಣದ ತನಕದ ದಿನಗಳನ್ನು ಅವಳು ಬೆರಳ ಮೇಲೆ ಎಣಿಸಿದಳು.