ಜೊಂಡುಕೆರೆಯ ಸತ್ತ ಮೀನುಗಳು

ನೀರಿನ ಪರೀಕ್ಷೆಗೆಂದು ಬಲೆಗೂಡಿನೊಳಗೆ ಬಿಟ್ಟಿದ್ದ ಟ್ರೌಟ್ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮುಚ್ಚಿದ ಗಣಿಯ ಕೆಳಗಿನ ಇಳಿಜಾರಿನಲ್ಲಿ, ಗಣಿಯ ನೀರಿನಿಂದ ಕೆಟ್ಟಿದ್ದನ್ನು ಫೌಸ್ತಾ ವರ್ಷಗಟ್ಟಲೆ ಸುಣ್ಣ ಹಾಕಿ, ಜೊಂಡು ನೆಟ್ಟು ತಿಳಿಮಾಡಿದ ಕೆರೆ ಅದು. ಮೀನು ಬದುಕಿದರೆ ಅಂದೇ ತೂಬು ತೆಗೆದು ಆಲೂಗಡ್ಡೆ ಹೊಲಗಳಿಗೆ ನೀರು ಬಿಡುವುದು, ಸತ್ತರೆ ಕೆರೆಯನ್ನೇ ಮುಚ್ಚುವುದು ಎಂದು ಊರಸಭೆ ತೀರ್ಮಾನಿಸಿತ್ತು.

"ನನ್ನ ಹೊಟ್ಟೆಗೆ ಬೆಂಕಿ ಹಾಕಿಬಿಟ್ರು!" ಎನ್ನುತ್ತ ಫೌಸ್ತಾ ಸಿರೀಲಾಳ ಸೂಪಿನಂಗಡಿಗೆ ಓಡಿಬಂದಳು. ಸಿರೀಲಾ ಪೊಲೀಸ್ ಕೆಲಸದಿಂದ ನಿವೃತ್ತಳಾದ ಸಾರ್ಜೆಂಟ್. ಆ ಕಾಲದಲ್ಲಿ ಅವಳ ಜೀಪು ಓಡಿಸುತ್ತಿದ್ದ ಎವಾರಿಸ್ತೊ ಈಗ ಅವಳ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದ.

"ಸಾರ್ಜೆಂಟಮ್ಮ, ಸೂಪು ತಳ ಹತ್ತತ್ತೆ."

"ಹತ್ಲಿ ಬಿಡೋ. ನಡಿ."

ಕೆರೆಯ ಬಳಿ, ಊರಿನ ನೀರಿನ ಉಸ್ತುವಾರಿ ನೋಡುವ, ಎಲ್ಲರೂ 'ತಾಯ್ತಾ' ಅಂದರೆ ಅಜ್ಜ ಎಂದು ಕರೆಯುವ ಹಿರಿಯ ಮೆಲ್ಚೊರ್ ಕೋಲು ಕುಟ್ಟಿ ಕೂಗಾಡುತ್ತಿದ್ದ. "ಸಿಕ್ಕಾಪಟ್ಟೆ ಸುಣ್ಣ ಸುರಿದು ನೀರನ್ನೇ ಕೊಂದಿದಾಳೆ ಇವಳು!"

"ಬಾಯಿಗೆ ಬಂದಂಗೆ ಮಾತಾಡ್ಬೇಡಿ, ತಾಯ್ತಾ!" ಫೌಸ್ತಾ ಅಳುತ್ತಲೇ ಜಗಳಕ್ಕೆ ನಿಂತಳು.

ಸಿರೀಲಾ ಬಗ್ಗಿ ನೋಡಿದಳು. ಗೂಡಿನ ಪಕ್ಕದ ಕಲ್ಲುಗಳ ಮೇಲೆ ತುಕ್ಕುಬಣ್ಣದ ಪಟ್ಟೆ. ಅಲ್ಲೇ ಗಾಳಿಗೆ ಹಾರದಂತೆ ಕಲ್ಲು ಹೇರಿದ ಕೋಕಾ ಎಲೆಗಳು, ಕಾಣಿಕೆಗೆ ಆರಿಸಿಟ್ಟಂತೆ ಒಂದೂ ಹರಿದಿರಲಿಲ್ಲ. ಆಚೆ ದಡದಲ್ಲಿ ಮರಿಗಪ್ಪೆಗಳು ಆರಾಮಾಗಿ ಈಜುತ್ತಿದ್ದವು.

"ಗಣಿಬಾಗಿಲ ಬೀಗದಕೈ ಯಾರ ಹತ್ರ ಇದೆ?"

"ನನ್ನ ಹತ್ರ ಒಂದು, ತಾಯ್ತಾ ಹತ್ರ ಒಂದು," ಎಂದ ನೀರು ಪರೀಕ್ಷಿಸಲು ಬಂದಿದ್ದ ಗಣಿ ಎಂಜಿನಿಯರ್. "ಆದ್ರೆ ನಾನು ಪಟ್ಟಣದಿಂದ ಈಗಷ್ಟೇ ಬಂದೆ."

"ಇವನೇ ಕಳ್ಳ," ಎವಾರಿಸ್ತೊ ಪಿಸುಗುಟ್ಟಿದ.

"ನಿನ್ನ ತಲೆ! ವಿಷ ಹಾಕೋನು ಭೂಮಿತಾಯಿಗೆ ಎಲೆ ಇಟ್ಟು ಹೋಗ್ತಾನಾ?"

ಮಧ್ಯಾಹ್ನ ಸಿರೀಲಾ ಊರನ್ನೆಲ್ಲ ದಡಕ್ಕೆ ಕರೆಸಿದಳು.

"ಸುಣ್ಣ ಜಾಸ್ತಿಯಾದ್ರೆ ಕಲ್ಲು ಬೆಳ್ಳಗಾಗತ್ತೆ. ಇದು ಕೆಂಪು, ಗಣಿಯೊಳಗಿನ ಹುಳಿನೀರಿನ ತುಕ್ಕು. ಕೆರೆಯೇ ಕೆಟ್ಟಿದ್ರೆ ಮರಿಗಪ್ಪೆ ಉಳೀತಿರ್ಲಿಲ್ಲ. ಗೂಡಿನ ಮೇಲೇ ಸುರಿದಿದಾರೆ, ಮೀನಿಗೆ ತಪ್ಪಿಸ್ಕೊಳ್ಳೋಕೆ ಜಾಗ ಇರ್ಲಿಲ್ಲ. ಎಂಜಿನಿಯರು ಪಟ್ಟಣದಲ್ಲಿದ್ದಿದ್ದು ನಿಜ, ಬಸ್ಸಿನವನನ್ನ ಕೇಳಿದೆ. ಇನ್ನು, ತಾಯಿಬುಗ್ಗೆಯ, ಅಂದ್ರೆ ಊರಿನ ಮೂಲ ಚಿಲುಮೆಯ ನೀರು ತಂದು ಬೆರೆಸದೆ ಹೊಸ ಕೆರೆಯ ತೂಬು ತೆಗೆಯೋ ಪದ್ಧತಿ ನಮ್ಮಲ್ಲಿಲ್ಲ. ಈ ಊರಿನ ತಾಯಿಬುಗ್ಗೆ ಎಲ್ಲಿದೆ, ತಾಯ್ತಾ?"

ಮೆಲ್ಚೊರ್‌ನ ಮುಖ ಬಿಳುಚಿಕೊಂಡಿತು.

"ಗಣಿಯೊಳಗೆ... ನಾನೇ ಎರಡು ಕೊಡ ತಂದು ಹಾಕ್ದೆ. ತಾಯಿ ಮಗಳು, ಬುಗ್ಗೆ ಕೆರೆ, ಒಂದಾಗ್ಲಿ ಅಂತ. ತಾಯಿನೀರು ಮೀನು ಕೊಲ್ಲತ್ತಾ, ಸಿರೀಲಾ?"

ಎಷ್ಟೋ ಅಪರಾಧಿಗಳು ಸಿಕ್ಕಿಬಿದ್ದದ್ದನ್ನು ಕಂಡಿದ್ದ ಎವಾರಿಸ್ತೊಗೆ, ಇದೊಂದು ಪತ್ತೆಯಾಗದಿದ್ದರೇ ಚೆನ್ನಾಗಿತ್ತು ಅನ್ನಿಸಿ ಸಂಕಟವಾಯಿತು. ಎಂಜಿನಿಯರ್ ಕೆರೆಯ ನಡುವಿನ ನೀರು ತಂದು ಪರೀಕ್ಷಿಸಿ, "ಹೊಲಕ್ಕೆ ಬಿಡಬಹುದು," ಎಂದ. ತೂಬು ತೆಗೆಯೋಣವೆಂದು ಸಭೆಯಲ್ಲಿ ಕೈಗಳೆಲ್ಲ ಮೇಲೆದ್ದವು. ಮುದುಕ ಮಾತ್ರ ತಲೆ ತಗ್ಗಿಸಿಯೇ ನಿಂತಿದ್ದ.

ಫೌಸ್ತಾ ಅವನೆದುರು ಬಂದಳು. "ಬೆಳಗ್ಗೆಯಿಂದ ನನ್ನ ಮಾನ ಕಳೆದ್ರಲ್ಲ!"

"ತಪ್ಪಾಯ್ತು ಮಗಳೇ."

ಅವಳು ಗಣಿಬಾಗಿಲ ಕಡೆ ನೋಡಿದಳು. "ನಿಮ್ಮ ತಾಯಿಬುಗ್ಗೆಗೆ ಹುಷಾರಿಲ್ಲ, ತಾಯ್ತಾ. ಮಗಳಿಗೆ ಮಾಡಿದ ಮದ್ದು ಅವಳಿಗೂ ಮಾಡೋಣ. ನಾಳೆ ಬೀಗದಕೈ ತಗೊಂಡು ಬನ್ನಿ, ಜೊಂಡು ನಾನು ತರ್ತೀನಿ."

ಮುದುಕ ಎಲ್ಲರೆದುರೇ ಬಿಕ್ಕಿ ಬಿಕ್ಕಿ ಅತ್ತ. ಫೌಸ್ತಾ ಅವನ ಕೈಹಿಡಿದು ತೂಬಿನ ಹತ್ತಿರ ಕರೆದುಕೊಂಡು ಹೋದಳು. ಇಬ್ಬರೂ ಸೇರಿ ಅದನ್ನು ತೆಗೆದರು.